ಅಡಿಗೆಮನೆಯ ಸ್ವಿಚ್ಚು

ಕೋಲಾರ
12 ಜೂನ್ 1938

ಚಿ. ಕದಿರಪ್ಪನಿಗೆ,

ನೀನು ಶ್ರೀನಿವಾಸಪುರದಲ್ಲಿ ಕೇಳಿದ ಸುದ್ದಿ ನಿಜ. ಮನೆಗಳಿಗೆ ಎಲೆಕ್ಟ್ರಿಕ್ ತಂತಿ ಎಳೆಯುವವರಿಗೆ ಇನ್ನು ಮೇಲೆ ಲೈಸೆನ್ಸ್ ಇರಬೇಕು. ನಿನ್ನ ಭಾವನವರು ಕಚೇರಿಯಲ್ಲಿ ಆರ್ಡರನ್ನು ಕಣ್ಣಾರೆ ನೋಡಿ ಬಂದರು. ಲೈಸೆನ್ಸ್ ಇಲ್ಲದವನು ಇನ್ನೊಬ್ಬ ಕಂಟ್ರಾಕ್ಟರನ ಕೈಕೆಳಗೆ ಕೂಲಿಗೆ ದುಡಿಯಬಹುದೇ ಹೊರತು ಸ್ವಂತವಾಗಿ ಒಂದು ದೀಪವನ್ನೂ ಹಾಕುವಂತಿಲ್ಲ.

ಪರೀಕ್ಷೆ ಆಗಸ್ಟಿನಲ್ಲಿ, ಇಲ್ಲೇ ಕೋಲಾರದಲ್ಲಿ. ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದು ಬಾಯಿಮಾತಿನಲ್ಲಿ ಪ್ರಶ್ನೆ ಕೇಳುತ್ತಾರಂತೆ. ನಿನ್ನ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ತುಂಬಿ ಕೊಟ್ಟು ಬಂದಿದ್ದೇನೆ. ನಿನ್ನ ಓದು ಎಲ್ಲಿಯವರೆಗೆ ಎಂದು ಕೇಳಿದ್ದ ಕಡೆ ‘ಮನೆಯಲ್ಲಿ ಶಿಕ್ಷಣ’ ಎಂದು ಬರೆದೆ. ಸುಳ್ಳೇನೂ ಅಲ್ಲ.

ಇದರ ಜೊತೆಗಿರುವ ಹಾಳೆಗಳಲ್ಲಿ ಅವರು ಕೇಳಬಹುದಾದ ಪ್ರಶ್ನೆಗಳಿವೆ. ಉತ್ತರಗಳನ್ನು ಇಂಗ್ಲಿಷಿನಲ್ಲಿ, ಆದರೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನಿಯಮಗಳ ಪುಸ್ತಕದ ಮಾತುಗಳೇ ಅವು. ಬಾಯಿಪಾಠ ಮಾಡು.

ಒಂದು ಮಾತನ್ನು ಮರೆಯಬೇಡ. ಅಲ್ಲಿ ಕನ್ನಡದಲ್ಲಿ ಬಾಯಿ ಬಿಡಬೇಡ. ತೆಲುಗಂತೂ ಬೇಡವೇ ಬೇಡ. ಸಾಹೇಬರೇ ಕನ್ನಡದಲ್ಲಿ ಮಾತಾಡಿಸಿದರೂ ಮೋಸಹೋಗಬೇಡ, ನಿನ್ನ ಮಟ್ಟ ನೋಡುತ್ತಿರುತ್ತಾರೆ. ಕಚೇರಿಗಳನ್ನು ನಾನು ನಿನಗಿಂತ ಹೆಚ್ಚು ನೋಡಿದ್ದೇನೆ. ಇಂಗ್ಲಿಷ್ ಆಡಿದವನಿಗೆ ಕುರ್ಚಿ, ಆಡದವನಿಗೆ ಜಗುಲಿಯ ಕಂಬ.

ನಮ್ಮ ಅಡಿಗೆಮನೆಯ ಹಿತ್ತಾಳೆ ಸ್ವಿಚ್ಚು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಲೈಸೆನ್ಸ್ ಬಂದ ಮೇಲೆ ನೀನೇ ಬಂದು ಸರಿಮಾಡು.

ನಿನ್ನ ಅಕ್ಕ,
ಎಂ. ಗಂಗಾ


ಶ್ರೀನಿವಾಸಪುರ
3 ಜುಲೈ 1938

ಅಕ್ಕಯ್ಯನಿಗೆ ಕದಿರಪ್ಪ ಕೈಮುಗಿದು ಬರೆಯುವುದು.

ಹಾಳೆಗಳು ಬಂದವು. ಬೆಳಿಗ್ಗೆ ಎಮ್ಮೆ ಕರೆಯುವ ಹೊತ್ತಿಗೆ ಶುರು ಮಾಡುತ್ತೇನೆ. ನಮ್ಮ ಮನೆಯವಳು ಮುನಿಯಲ್ಲಮ್ಮ ನೋಡಿ ನೋಡಿ, “ಏನು, ಎಮ್ಮೇಗೂ ಲೈಸೆನ್ಸ್ ಕೊಡಿಸ್ತೀಯಾ?” ಅಂದಳು. ಮೊನ್ನೆ ರಸ್ತೆಯಲ್ಲಿ ಹೇಳಿಕೊಂಡು ಹೋಗುತ್ತಿದ್ದೆ. ಎದುರಿಗೆ ಬಂದ ಮುದುಕಪ್ಪ ತನ್ನನ್ನೇ ಬೈಯುತ್ತಿದ್ದೇನೆ ಅಂತ ಕೋಲು ಎತ್ತಿದ.

ಅಪ್ಪ ಮಿಷನ್ ಶಾಲೆಯ ಗೋಡೆಗೆ ಗಾರೆ ಬಳಿಯುವಾಗ ದೊರೆಸಾನಿ ನಿನ್ನನ್ನು ಒಳಗೆ ಕರೆದುಕೊಂಡಳು, ಮುನಿಗಂಗಮ್ಮ ಅಲ್ಲಿ ಗಂಗಾ ಆದಳು. ನಾನು ಗಾರೆ ಬಾಂಡ್ಲಿ ಹೊತ್ತುಕೊಂಡು ಹೊರಗೇ ಉಳಿದೆ. ಈಗ ನೀನು ಕಿಟಕಿಯಿಂದ ಕೈಚಾಚಿ ನನ್ನನ್ನೂ ಎಳೆದುಕೊಳ್ಳುತ್ತಿದ್ದೀಯ. ಅಪ್ಪ ಇದ್ದಿದ್ದರೆ ನೋಡಿ ಸಂತೋಷಪಡುತ್ತಿದ್ದ.

ಮಾವಿನ ಮಂಡಿ ಗಂಗುಲಪ್ಪ ತನ್ನ ಹೊಸ ಮಂಡಿಗೆ ಪೂರ್ತಿ ದೀಪ ಹಾಕುವ ಕೆಲಸವನ್ನು ನನಗೇ ಕೊಡುವುದಾಗಿ ಮಾತು ಕೊಟ್ಟಿದ್ದಾನೆ. ಆದರೆ ಲೈಸೆನ್ಸ್ ತೋರಿಸಬೇಕಂತೆ. “ಲೇ ಕದಿರಾ, ಮಾವಿನಕಾಯಿ ನಿನ್ನ ಲೈಸೆನ್ಸಿಗೆ ಕಾಯೋದಿಲ್ಲ ಕಣೋ. ಮುಂದಿನ ಸಲ ಕಾಯಿ ಇಳಿಯೋ ಹೊತ್ತಿಗೆ ಮಂಡೀಲಿ ದೀಪ ಉರೀಬೇಕು” ಅಂದ. ಇದು ಸಿಕ್ಕಿದರೆ ಇನ್ನು ಯಾರ ಕೈಕೆಳಗೂ ಹೋಗಬೇಕಾಗಿಲ್ಲ, ಅಕ್ಕಯ್ಯ.

ಸ್ವಿಚ್ಚಿನ ಸಂಗತಿ ಓದಿ ಭಯವಾಯಿತು. ಅದನ್ನು ಹಾಗೆ ಬಿಡಬಾರದು. ಒಂದು ಭಾನುವಾರ ಚಿಕ್ಕ ರೈಲಿಗೆ ಬಂದು ನೋಡಿಬಿಡಲೇ? ಅರ್ಧ ಗಂಟೆಯ ಕೆಲಸ. ಅಲ್ಲಿಯವರೆಗೆ ಒದ್ದೆ ಕೈಯಲ್ಲಿ ಮುಟ್ಟಬೇಡ. ಕೆಳಗೆ ಒಂದು ಒಣಗಿದ ಮರದ ಹಲಗೆ ಹಾಕಿಕೊಂಡು ಅದರ ಮೇಲೆ ನಿಂತು ಮುಟ್ಟು.

ಕದಿರಪ್ಪ


ಕೋಲಾರ
20 ಜುಲೈ 1938

ಚಿ. ಕದಿರಪ್ಪನಿಗೆ,

ಭಾನುವಾರ ಬರಬೇಡ. ಭಾವನವರದು ಸರ್ಕಾರಿ ಕೆಲಸ. ಲೈಸೆನ್ಸ್ ಇಲ್ಲದವನು ನಮ್ಮ ಮನೆಯ ತಂತಿ ಮುಟ್ಟಿದ್ದನ್ನು ಯಾರಾದರೂ ನೋಡಿದರೆ ಅವರಿಗೆ ಉತ್ತರ ಹೇಳುವುದು ಕಷ್ಟವಾಗುತ್ತದೆ. ಹಲಗೆ ಹಾಕಿಕೊಂಡಿದ್ದೇನೆ, ಈಗ ಜುಮ್ಮೆನ್ನುವುದಿಲ್ಲ.

ಪರೀಕ್ಷೆಗೆ ಬರುವಾಗ ಹಿಂದಿನ ದಿನವೇ ಬಾ. ಆ ವಾರ ನಮ್ಮಲ್ಲಿ ಭಾವನವರ ಮೇಲಧಿಕಾರಿಗಳು ಊಟಕ್ಕೆ ಬರುವವರಿದ್ದಾರೆ. ಮನೆಯಲ್ಲಿ ಗಲಾಟೆ ಇರುತ್ತದೆ, ನಿನಗೆ ಓದಲು ಆಗುವುದಿಲ್ಲ. ಸ್ಟೇಷನ್ ಹತ್ತಿರದ ಛತ್ರದಲ್ಲಿ ಉಳಿದುಕೊಂಡರೆ ನಿನಗೇ ಅನುಕೂಲ. ಕೋಟು ಹಾಕಿಕೊಂಡು ಹೋಗು. ಕಾಲಿಗೆ ಮೆಟ್ಟು ಇರಲಿ.

ಎಂ. ಗಂಗಾ


ಶ್ರೀನಿವಾಸಪುರ
28 ಆಗಸ್ಟ್ 1938

ಅಕ್ಕಯ್ಯನಿಗೆ,

ಪರೀಕ್ಷೆಯಲ್ಲಿ ಪಾಸಾಗಿದ್ದೇನೆ. ಸಾಹೇಬರು ಒಳ್ಳೆಯವರು. ನೀನು ಹೇಳಿದ ಹಾಗೆ ಕುರ್ಚಿ ಕೊಟ್ಟರು. ನೀನು ಕಲಿಸಿದ್ದನ್ನು ಬಿಟ್ಟು ಬೇರೆ ಒಂದು ಮಾತೂ ಆಡಲಿಲ್ಲ.

ಲೈಸೆನ್ಸ್ ಕೈಗೆ ಬರುವುದು ತಡವಾಗಬಹುದು. ಆಫೀಸಿನ ಕೆಲಸ ಹೇಗಿರುತ್ತದೆ ಅಂತ ನಿನಗೆ ಗೊತ್ತೇ ಇದೆ. ಅದಕ್ಕಾಗಿ ನೀನು ಓಡಾಡಬೇಡ. ಇಲ್ಲಿ ಮಳೆ ಚೆನ್ನಾಗಿದೆ. ರಾಗಿ ಪೈರು ಎದ್ದಿದೆ. ಛತ್ರದಲ್ಲಿ ಏನೂ ತೊಂದರೆಯಾಗಲಿಲ್ಲ.

ಕದಿರಪ್ಪ


ಕೋಲಾರ
14 ನವೆಂಬರ್ 1938

ಚಿ. ಕದಿರಪ್ಪನಿಗೆ,

ನೀನು ಪಾಸಾದ ಸುದ್ದಿ ಬಂದಾಗ ನಮ್ಮ ಶಾಲೆಯ ಉಪಾಧ್ಯಾಯಿನಿಯರಿಗೆಲ್ಲ ಮೈಸೂರು ಪಾಕು ಹಂಚಿದೆ. ನನಗೆ ತಮ್ಮನೊಬ್ಬನಿದ್ದಾನೆ ಎಂಬುದು ಅವರಲ್ಲಿ ಕೆಲವರಿಗೆ ಅಂದೇ ಗೊತ್ತಾದದ್ದು.

ದೀಪಾವಳಿ ಕಳೆದರೂ ಲೈಸೆನ್ಸ್ ಬಂದಿಲ್ಲವೆಂದರೆ ಹೇಗೆ? ನೀನು ಬೇಡವೆಂದಿದ್ದರೂ ಕಳೆದ ವಾರ ಆಫೀಸಿಗೆ ಹೋದೆ. ಲೈಸೆನ್ಸ್ ವಿಭಾಗದಲ್ಲಿ ಲಿಯಾಖತ್ ಎಂಬ ಗುಮಾಸ್ತರಿದ್ದಾರೆ. ನಾನು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಅವರು ತಲೆ ತಗ್ಗಿಸಿಕೊಂಡೇ ಕನ್ನಡದಲ್ಲಿ, “ಬಂದಿಲ್ಲಮ್ಮ” ಎಂದರು.

“ಯಾಕೆ ಬಂದಿಲ್ಲ?”

“ಅವ್ರನ್ನೇ ಕಳಿಸಿಕೊಡಿ ಅಮ್ಮ. ಅವ್ರ ಹತ್ರಾನೇ ಮಾತಾಡ್ತೀನಿ.”

“ನನ್ನ ಹತ್ತಿರ ಹೇಳಲು ಆಗದ್ದು ಏನಿದೆ?”

“ನಿಮ್ಮ ಹತ್ರ ಹೇಳೋ ಹಾಗಿಲ್ಲ. ದಯಮಾಡಿ ಅವ್ರನ್ನೇ ಕಳಿಸಿ.”

ನಾನು ನಿಂತೇ ಇದ್ದೆ. ಪಕ್ಕದಲ್ಲಿ ಕುರ್ಚಿ ಖಾಲಿ ಇತ್ತು. ಹೆಂಗಸಿನ ಹತ್ತಿರ ಹೇಳಲಾಗದ, ಗಂಡಸಿನ ಹತ್ತಿರ ಮಾತ್ರ ಹೇಳಬಹುದಾದ ಮಾತು ಯಾವುದೆಂದು ನನಗೆ ತಿಳಿಯದೇ? ಮಾಮೂಲು. ಪಾಸಾದವನ ಲೈಸೆನ್ಸನ್ನು ಹಿಡಿದಿಟ್ಟುಕೊಂಡು ಮಾಮೂಲು ಕಾಯುತ್ತಿದ್ದಾರೆ.

ಮನೆಗೆ ಬಂದವಳೇ ಬೆಂಗಳೂರಿನ ಮೇಲಿನ ಆಫೀಸಿಗೆ ಒಂದು ಅರ್ಜಿ ಬರೆದೆ. ನನಗೆ ಬರುವ ಇಂಗ್ಲಿಷನ್ನೆಲ್ಲ ಅದರಲ್ಲಿ ಇಟ್ಟಿದ್ದೇನೆ. ಇಂದು ಅಂಚೆಗೆ ಹಾಕುತ್ತೇನೆ. ಈ ಮನುಷ್ಯನಿಗೆ ಒಂದು ಪಾಠವಾಗಲಿ.

ಎಂ. ಗಂಗಾ


ಶ್ರೀನಿವಾಸಪುರ
17 ನವೆಂಬರ್ 1938

ಅಕ್ಕಯ್ಯ,

ಅರ್ಜಿ ಹಾಕಬೇಡ. ಹಾಕಿದ್ದರೆ ವಾಪಸು ತರಿಸುವುದಕ್ಕೆ ಆಗುತ್ತದೆಯೇ ನೋಡು. ಲಿಯಾಖತ್ ಸಾಹೇಬರು ಅಂಥವರಲ್ಲ. ಅವರು ನನ್ನಿಂದ ಏನೂ ಕೇಳಿಲ್ಲ. ಎದುರಿಗೆ ಸಿಕ್ಕಿದಾಗ ಎಲ್ಲ ಹೇಳುತ್ತೇನೆ. ಅವರ ಮೇಲೆ ಮಾತ್ರ ಬರೆಯಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಕದಿರಪ್ಪ


ಕೋಲಾರ
22 ಡಿಸೆಂಬರ್ 1938

ಕದಿರಪ್ಪನಿಗೆ,

ನಿನ್ನ ಕಾಗದ ಬರುವ ಹೊತ್ತಿಗೆ ಅರ್ಜಿ ಹೋಗಿತ್ತು. ನೀನು ಹೆದರಿಕೊಂಡು ಹಾಗೆ ಬರೆದಿದ್ದೀಯೆಂದು ತಿಳಿದು ಸುಮ್ಮನಾದೆ.

ನಿನ್ನೆ ಬೆಂಗಳೂರಿನಿಂದ ಉತ್ತರ ಬಂತು. ಕದಿರಪ್ಪ ಎಂಬ ಅಭ್ಯರ್ಥಿ ಪಾಸಾದವರಲ್ಲಿ ಇಲ್ಲವೇ ಇಲ್ಲ ಎಂದು ಬರೆದಿದ್ದಾರೆ. ಆದರೂ ಗುಮಾಸ್ತ ಮಾಮೂಲು ನಿರೀಕ್ಷಿಸಿದನೆಂಬ ದೂರು ಗಂಭೀರವಾದದ್ದು, ಆದ್ದರಿಂದ ಆತನನ್ನು ಲೈಸೆನ್ಸ್ ವಿಭಾಗದಿಂದ ತೆಗೆದು ಸಾಮಾನಿನ ಉಗ್ರಾಣಕ್ಕೆ ಹಾಕಲಾಗಿದೆ, ಮಾರ್ಚಿನಲ್ಲಿ ಕೋಲಾರದಲ್ಲಿ ವಿಚಾರಣೆ ನಡೆಯುತ್ತದೆ, ದೂರು ಕೊಟ್ಟವರು ಬಂದು ಹೇಳಿಕೆ ಕೊಡಬೇಕು ಎಂದಿದ್ದಾರೆ. ದೂರು ರುಜುವಾತಾದರೆ ಆತನ ಕೆಲಸ ಹೋಗುತ್ತದಂತೆ.

ಇದು ನಿಜವೇ? ನೀನು ಪಾಸಾಗಲಿಲ್ಲವೇ? ನನ್ನ ಕೈಯಿಂದ ಇಂಥದನ್ನು ಬರೆಸಿದೆಯಲ್ಲ. ಭಾವನವರು ಉತ್ತರವನ್ನು ಓದಿ ಮಡಿಸಿ ಮೇಜಿನ ಮೇಲಿಟ್ಟರು. ಶಾಲೆಯಲ್ಲಿ ನನ್ನ ಕೈಯಿಂದ ಸಿಹಿ ತಿಂದವರ ಮುಖವನ್ನು ಹೇಗೆ ನೋಡಲಿ?

ಗಂಗಾ


ಶ್ರೀನಿವಾಸಪುರ
9 ಜನವರಿ 1939

ಅಕ್ಕಯ್ಯ,

ನಿಜ. ಪಾಸಾಗಲಿಲ್ಲ. ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು. ಹೇಗಾಯಿತು ಅಂತ ಪೂರ್ತಿ ಹೇಳಿಬಿಡುತ್ತೇನೆ.

ಸಾಹೇಬರು ಕುರ್ಚಿ ಕೊಟ್ಟಿದ್ದು ನಿಜವೇ. ಮೊದಲ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ನಿನ್ನ ಹಾಳೆಯಲ್ಲಿದ್ದ ಮೊದಲ ಉತ್ತರ ಹೇಳಿದೆ. ಅವರು ಕೇಳಿದ್ದು ಹಾಳೆಯ ಮೂರನೆಯ ಪ್ರಶ್ನೆ ಅಂತ ಆಮೇಲೆ ತಿಳಿಯಿತು. ಇನ್ನೊಂದು ಪ್ರಶ್ನೆ ಕೇಳಿದರು, ಹಾಳೆಯ ಎರಡನೆಯ ಉತ್ತರ ಹೇಳಿದೆ. ಅದೂ ಬೇರೆಯದಕ್ಕೆ ಹೋಯಿತು. ಅವರು ನಕ್ಕು, “ಇಂಗ್ಲಿಷ್ ಬಿಡಪ್ಪ, ಕನ್ನಡದಲ್ಲೇ ಹೇಳು. ತೆಲುಗಾದರೆ ತೆಲುಗಲ್ಲೇ ಹೇಳು. ನನಗೆ ಬೇಕಾದ್ದು ನಿನ್ನ ಕೆಲಸ” ಅಂದರು. ನಿನ್ನ ಮಾತು ನೆನಪಾಯಿತು. ಇದೇ ಮೋಸ ಅಂದುಕೊಂಡೆ. ಸುಮ್ಮನೆ ಕೂತೆ.

ಆಮೇಲೆ ಕನ್ನಡದಲ್ಲೇ ಕೇಳಿದರು. “ಒಬ್ಬ ಮನುಷ್ಯ ತಂತಿ ಹಿಡಿದುಕೊಂಡಿದಾನೆ, ಕೈ ಬಿಡೋಕೆ ಆಗ್ತಾ ಇಲ್ಲ. ನೀನು ಮೊದಲು ಏನು ಮಾಡ್ತೀಯ?” ರಾಯಲ್ಪಾಡಿನಲ್ಲಿ ಒಂದು ಮಿಲ್ಲಿನ ಹತ್ತಿರ ನಾನೇ ಒಬ್ಬನನ್ನು ಹಾಗೆ ಬಿಡಿಸಿದ್ದೇನೆ. ಮೊದಲು ಮೇನ್ ಸ್ವಿಚ್ ಇಳಿಸಬೇಕು. ಅಷ್ಟೇ. ಆದರೆ ನಿನ್ನ ಹಾಳೆಯಲ್ಲಿ ಅದು ಇರಲಿಲ್ಲ. ಇಂಗ್ಲಿಷ್ ಬರಲಿಲ್ಲ, ಕನ್ನಡ ಆಡಬಾರದು. ಬಾಯಿ ತೆರೆದರೆ ಕನ್ನಡ ಬಂದುಬಿಡುತ್ತದೆ ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಸಾಹೇಬರ ಹಿಂದೆ ಲಿಯಾಖತ್ ಸಾಹೇಬರು ನಿಂತಿದ್ದರು. ಅವರಿಗೇ ತಡೆಯಲಿಲ್ಲ. “ಅರೇ ಮೇಸ್ತ್ರಿ, ಹೇಳ್ರೀ! ಆ ತಂತಿ ಹಿಡಿದವನು ಸತ್ತು ಹೋಗ್ತಾ ಇದಾನೆ!” ಅಂದರು. ಆಗಲೂ ಹೇಳಲಿಲ್ಲ.

ಹೊರಗೆ ಬಂದ ಮೇಲೆ ಅವರೇ ನನ್ನನ್ನು ಕರೆದುಕೊಂಡು ಹೋಗಿ ಚಹ ಕುಡಿಸಿದರು. ಮುಂದಿನ ವರ್ಷ ಬನ್ನಿ, ಬರುವ ಭಾಷೆಯಲ್ಲಿ ಹೇಳಿ, ಅಂದರು. ಅರ್ಜಿ ತಂದುಕೊಟ್ಟ ಅಮ್ಮನವರು ಕೇಳಿಕೊಂಡು ಬಂದರೆ ಹೇಳಬೇಡಿ, ನಾನೇ ಹೇಳುತ್ತೇನೆ ಅಂತ ನಾನು ಕೇಳಿಕೊಂಡೆ. ಮಾತು ಕೊಟ್ಟರು. ಅದಕ್ಕೇ ನಿನ್ನ ಹತ್ತಿರ ಹೇಳಲಿಲ್ಲ. ಕೆಲಸಕ್ಕೆ ಕುತ್ತು ಬಂದ ಮೇಲೂ ಆ ಮಾತನ್ನು ಅವರು ಉಳಿಸಿಕೊಂಡಿದ್ದಾರೆ.

ಊರಿಗೆ ಬಂದು ಇಳಿದರೆ ಸ್ಟೇಷನ್ನಿನಲ್ಲಿ ಗಂಗುಲಪ್ಪ. “ಏನ್ಲಾ ಕಂಟ್ರಾಕ್ಟರೇ, ಆಯ್ತಾ?” ಅಂತ ಎಲ್ಲರ ಎದುರಿಗೆ ಕೂಗಿದ. ಆಯಿತು ಅಂದುಬಿಟ್ಟೆ. ಮನೆಗೆ ಬರುವುದರೊಳಗೆ ಮುನಿಯಲ್ಲಮ್ಮನಿಗೂ ಸುದ್ದಿ ಮುಟ್ಟಿತ್ತು, ಆರತಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ನಿನಗೂ ಅದನ್ನೇ ಬರೆದೆ. ನಾಲ್ಕು ದಿನ ಬಿಟ್ಟು ನಿಜ ಬರೆಯೋಣ ಅಂದುಕೊಂಡೆ. ದಿನ ಹೋದ ಹಾಗೆಲ್ಲ ಕಷ್ಟವಾಯಿತು.

ನಿನ್ನ ತಪ್ಪೇನಿಲ್ಲ. ನನ್ನ ತಲೆ ಅಷ್ಟೇ.

ಕದಿರಪ್ಪ


ಕೋಲಾರ
5 ಫೆಬ್ರವರಿ 1939

ಕದಿರಾ,

ನಿನ್ನ ಕಾಗದವನ್ನು ಶಾಲೆಗೆ ತೆಗೆದುಕೊಂಡು ಹೋಗಿದ್ದೆ. ಮಕ್ಕಳಿಗೆ ಬರೆಯಲು ಕೊಟ್ಟು ಮತ್ತೆ ಓದಿದೆ. ನನ್ನ ತಪ್ಪಿಲ್ಲ ಎಂದು ನೀನು ಬರೆದಿರುವ ಸಾಲನ್ನು ಓದಲಾಗಲಿಲ್ಲ.

ಉಗ್ರಾಣಕ್ಕೆ ಹೋಗಿದ್ದೆ. ಲಿಯಾಖತ್ ಅವರು ತಂತಿಯ ಸುರುಳಿಗಳ ನಡುವೆ ಒಂದು ಪೆಟ್ಟಿಗೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ನಾನು ಶುರುಮಾಡುವುದರೊಳಗೆ ಅವರೇ, “ನಿಮ್ಮ ಅರ್ಜಿ ಇಂಗ್ಲಿಷ್ ಬಹಳ ಚೆನ್ನಾಗಿತ್ತಮ್ಮ. ಸಾಹೇಬ್ರು ನನ್ನ ಕೈಲೇ ಎರಡು ಸಲ ಓದಿಸಿದ್ರು” ಎಂದರು. ವ್ಯಂಗ್ಯವಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು. ಇದ್ದಿದ್ದರೆ ಸಹಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ನಾನು ಕೇಳಿದೆ, “ಆ ದಿನ ನೀವು ಒಂದು ಮಾತು ಹೇಳಿಬಿಡಬಹುದಾಗಿತ್ತಲ್ಲ?”

“ಮೇಸ್ತ್ರಿಗೆ ಮಾತು ಕೊಟ್ಟಿದ್ದೆನಲ್ಲಮ್ಮ.”

ಮಾಮೂಲು ಎಂಬ ಮಾತನ್ನು ಅವರು ಎತ್ತಲೇ ಇಲ್ಲ, ಕದಿರಾ. ಹಾಗಾದರೆ ನಾನು ಏಕೆ ಬರೆದೆ? ಇಷ್ಟು ದಿನವೂ ಯೋಚಿಸುತ್ತಿದ್ದೇನೆ. ನನಗೆ ಅವರು ಕುರ್ಚಿ ಕೊಡಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಹೇಳಿದರು. ಇಷ್ಟಕ್ಕೇ ಒಬ್ಬ ಮನುಷ್ಯ ಲಂಚಕ್ಕೆ ಕಾಯುತ್ತಿದ್ದಾನೆಂದು ಬರೆದೆನೇ? ಬೇರೆ ಕಾರಣ ಹುಡುಕಿದೆ. ಸಿಕ್ಕಲಿಲ್ಲ.

ಈಗ ಕಷ್ಟ ಹೀಗಿದೆ. ವಿಚಾರಣೆ ಮಾರ್ಚ್ ಆರನೆಯ ತಾರೀಖು. ನನ್ನ ದೂರು ತಪ್ಪು ಎಂದು ಹೇಳಬೇಕಾದರೆ, ನೀನು ಪಾಸಾಗಿದ್ದೀಯೆಂದು ನನಗೆ ಯಾರು ಹೇಳಿದರು ಎಂದು ಕೇಳುತ್ತಾರೆ. ನೀನೇ ಸುಳ್ಳು ಬರೆದೆ ಎನ್ನಬೇಕು. ಸರ್ಕಾರದ ಪರೀಕ್ಷೆಯ ವಿಷಯದಲ್ಲಿ ಸುಳ್ಳು ಹೇಳಿದವನನ್ನು ಮತ್ತೆ ಪರೀಕ್ಷೆಗೆ ಸೇರಿಸುವುದಿಲ್ಲವೆಂದು ಭಾವನವರು ಹೇಳುತ್ತಾರೆ. ಗಂಗುಲಪ್ಪನ ಕೆಲಸವೂ ಹೋಗುತ್ತದೆ. ಸುಮ್ಮನಿದ್ದರೆ ಆ ಮನುಷ್ಯನ ಕೆಲಸ ಹೋಗುತ್ತದೆ. ಹೇಳಿಕೆಯನ್ನು ಎರಡು ಬಗೆಯಾಗಿ ಬರೆದಿಟ್ಟುಕೊಂಡಿದ್ದೇನೆ.

ಏನು ಮಾಡಲಿ? ನಿನ್ನನ್ನು ನಾನು ಹೀಗೆ ಕೇಳುತ್ತಿರುವುದು ಇದೇ ಮೊದಲು. ಬೇಗ ಬರೆ.

ಅಕ್ಕ


ಶ್ರೀನಿವಾಸಪುರ
11 ಮಾರ್ಚ್ 1939

ಅಕ್ಕಯ್ಯನಿಗೆ,

ಜ್ವರ ಇಳಿಯಿತೇ? ವಿಚಾರಣೆಯ ದಿನ ಸಾಹೇಬರು, ದೂರು ಕೊಟ್ಟವರಿಗೆ ಮೈಯಲ್ಲಿ ಹುಷಾರಿಲ್ಲ ಅಂತ ಚೀಟಿ ಬಂದಿದೆ ಅಂದಾಗ ಗಾಬರಿಯಾಯಿತು. ಮನೆಗೆ ಬಂದು ನೋಡಬೇಕು ಅನ್ನಿಸಿತು. ರೋಗದ ಮನೆಗೆ ಹೇಳದೆ ಕೇಳದೆ ಬಂದರೆ ಭಾವನಿಗೆ ಕಷ್ಟವಾದೀತು ಅಂತ ಛತ್ರದಲ್ಲೇ ಉಳಿದು ಬೆಳಿಗ್ಗೆ ರೈಲು ಹತ್ತಿದೆ. ಅದು ಅಭ್ಯಾಸವಾಗಿದೆ.

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ನನ್ನ ಸುಳ್ಳನ್ನು ನೀನು ಯಾಕೆ ಹೇಳಬೇಕು? ನಾನೇ ಹೋಗುವುದು ಅಂತ ಆಗಲೇ ಮನಸ್ಸು ಮಾಡಿದ್ದೆ. ಬರೆದಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಅದೇ ಸಾಹೇಬರು ಬಂದಿದ್ದರು. “ಯಾರಯ್ಯ ನೀನು?” ಅಂದರು.

“ಪರೀಕ್ಷೇಲಿ ಬಾಯಿ ಬಿಡದೆ ಕೂತಿದ್ದವನು ಸ್ವಾಮಿ” ಅಂದೆ. ಗುರುತು ಹತ್ತಿತು.

ಎಲ್ಲ ಹೇಳಿದೆ ಅಕ್ಕಯ್ಯ. ಕನ್ನಡದಲ್ಲಿ ಹೇಳಿದೆ, ಕನ್ನಡ ಸಾಲದ ಕಡೆ ತೆಲುಗಿನಲ್ಲಿ ಹೇಳಿದೆ. ಪಾಸಾದೆ ಅಂತ ಊರಿಗೆಲ್ಲ ಸುಳ್ಳು ಹೇಳಿದವನು ನಾನು, ಅಕ್ಕನಿಗೂ ಅದನ್ನೇ ಬರೆದೆ, ಅವಳು ನಂಬಿ ಅರ್ಜಿ ಹಾಕಿದಳು, ಈ ಗುಮಾಸ್ತರು ನನ್ನ ಮಾನ ಉಳಿಸೋದಕ್ಕೆ ಹೋಗಿ ಸಿಕ್ಕಿಕೊಂಡರು ಅಂದೆ. ಸಾಹೇಬರು ಕನ್ನಡಕ ತೆಗೆದು, “ಇಷ್ಟು ಮಾತು ಬರುತ್ತಲ್ಲಯ್ಯ. ಆವತ್ತು ಇದನ್ನೆಲ್ಲ ಎಲ್ಲಿಟ್ಟಿದ್ದೆ?” ಅಂದರು.

ಲಿಯಾಖತ್ ಸಾಹೇಬರು ಹಿಂದಿನಿಂದ, “ಛತ್ರದಲ್ಲಿ ಬಿಟ್ಟು ಬಂದಿದ್ರು ಸಾರ್” ಅಂದರು. ಸಾಹೇಬರೂ ನಕ್ಕುಬಿಟ್ಟರು. ನನಗೂ ನಗು ಬಂತು.

ಕನ್ನಡ ಆಡಬೇಡ ಅಂತ ನಿನಗೆ ಯಾರು ಹೇಳಿದರು ಅಂತ ಕೇಳಿದರು. ಯಾರೂ ಇಲ್ಲ ಸ್ವಾಮಿ, ನನ್ನದೇ ಬುದ್ಧಿ ಅಂದೆ.

ಲಿಯಾಖತ್ ಸಾಹೇಬರು ಮತ್ತೆ ತಮ್ಮ ಜಾಗಕ್ಕೆ ಹೋದರು. ನಾನು ಈ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಮುಂದಿನ ವರ್ಷ ಬೇಕಾದರೆ ಬಾ ಅಂದಿದ್ದಾರೆ. ಗಂಗುಲಪ್ಪ ಮಂಡಿಯ ಕೆಲಸವನ್ನು ಮಾಲೂರಿನ ಕಂಟ್ರಾಕ್ಟರ್ ವೆಂಕಟರಾಯಪ್ಪನವರಿಗೆ ಕೊಟ್ಟ. ಅವರಿಗೆ ಕೂಲಿ ಬೇಕಿತ್ತು, ನನ್ನನ್ನೇ ಕರೆದರು. ಹಾಗಾಗಿ ಆ ಮಂಡಿಗೆ ತಂತಿ ಎಳೆಯುತ್ತಿರುವವನು ನಾನೇ. ಏಣಿ ಮೇಲಿದ್ದಾಗ ಗಂಗುಲಪ್ಪ ಬಂದರೆ ಮುಖ ಗೋಡೆ ಕಡೆ ತಿರುಗಿಸಿಕೊಳ್ಳುತ್ತೇನೆ.

ನೀನು ಹುಷಾರಾಗಿರು. ಗಂಜಿ ಕುಡಿ.

ಕದಿರಪ್ಪ


ಕೋಲಾರ
2 ಏಪ್ರಿಲ್ 1939

ಕದಿರಾ,

ನನಗೆ ಜ್ವರವಿರಲಿಲ್ಲ.

ನಿನ್ನಿಂದ ಉತ್ತರ ಬರಲಿಲ್ಲ, ನೀನು ಸಿಟ್ಟಾಗಿದ್ದೀಯೆಂದುಕೊಂಡೆ. ಆ ದಿನ ಬೆಳಿಗ್ಗೆ ಸೀರೆ ಉಟ್ಟು, ಹೇಳಿಕೆ ಎರಡನ್ನೂ ಚೀಲದಲ್ಲಿಟ್ಟುಕೊಂಡು ಬಾಗಿಲವರೆಗೆ ಬಂದೆ. ಆ ಕೋಣೆಯಲ್ಲಿ ನಿಂತು, ನನ್ನ ತಮ್ಮ ಗಾರೆ ಹೊತ್ತವನು, ಶಾಲೆಗೆ ಹೋಗದವನು, ಫೇಲಾದವನು ಎಂದು ನನ್ನ ಬಾಯಿಂದ ಹೇಳಬೇಕಲ್ಲ ಎನಿಸಿತು. ಒಳಗೆ ಹೋಗಿ ಚೀಟಿ ಬರೆದು ಕಳಿಸಿದೆ. ಅದೂ ಇಂಗ್ಲಿಷಿನಲ್ಲೇ. ನಿನ್ನ ಉತ್ತರ ಬಂದಿದ್ದರೆ ಹೋಗುತ್ತಿದ್ದೆನೇ ಎಂದು ಕೇಳಿಕೊಂಡಿದ್ದೇನೆ. ಹೋಗುತ್ತಿರಲಿಲ್ಲ.

ನೀನು ಅದೇ ಊರಿನಲ್ಲಿ, ಅದೇ ದಿನ, ನನ್ನ ಪಾಲಿನದನ್ನೂ ಸೇರಿಸಿ ಹೇಳಿ ಛತ್ರದಲ್ಲಿ ಮಲಗಿ ಹೋದೆ. ಮೊದಲ ಸಲ ಛತ್ರಕ್ಕೆ ಕಳಿಸಿದಾಗ ಮೇಲಧಿಕಾರಿಗಳ ಊಟವೆಂದು ಬರೆದಿದ್ದೆ. ಊಟ ಇದ್ದದ್ದು ಅದರ ಮುಂದಿನ ವಾರ.

ಮೊನ್ನೆ ಆಫೀಸಿಗೆ ಹೋಗಿ, ದೂರಿನಲ್ಲಿ ನಾನು ಬರೆದದ್ದಕ್ಕೆ ಯಾವ ಆಧಾರವೂ ಇರಲಿಲ್ಲ, ನನ್ನ ತಮ್ಮನಿಗೆ ಕನ್ನಡ ಆಡಬೇಡವೆಂದು ಹೇಳಿದವಳೂ ನಾನೇ ಎಂದು ಕನ್ನಡದಲ್ಲಿ ಬರೆದು ಕೊಟ್ಟೆ. ಲಿಯಾಖತ್ ಅವರು ಅದನ್ನು ತೆಗೆದುಕೊಂಡು, “ಕೂತ್ಕೊಳ್ಳಿ ಅಮ್ಮ” ಎಂದು ಕುರ್ಚಿ ಸರಿಸಿದರು. ಕುಳಿತುಕೊಳ್ಳಲು ಆಗಲಿಲ್ಲ. ಮುಗಿದು ಹೋದ ವಿಚಾರಣೆಗೆ ಇದರಿಂದ ಏನು ಉಪಯೋಗವೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ನೀನು ಮನೆಗೆ ಬಾ. ಮುನಿಯಲ್ಲಮ್ಮನನ್ನೂ ಕರೆದುಕೊಂಡು ಬಾ. ಸ್ವಿಚ್ಚು ಸರಿಮಾಡು. ಲೈಸೆನ್ಸ್ ಇರಲಿ ಬಿಡಲಿ, ಯಾರು ಏನೆಂದರೂ ಅನ್ನಲಿ. ಹಗಲಿನಲ್ಲೇ, ಮುಂಬಾಗಿಲಿನಿಂದಲೇ ಬಾ.

ಅಕ್ಕ


ಮುಳಬಾಗಿಲು
18 ಜೂನ್ 1939

ಅಕ್ಕಯ್ಯನಿಗೆ,

ನಿನ್ನ ಕಾಗದ ಊರೂರು ಸುತ್ತಿ ಇಲ್ಲಿ ಸಿಕ್ಕಿತು. ವೆಂಕಟರಾಯಪ್ಪನವರು ಈಗ ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ. ಬುಡನ್ ಸಾಬರ ಹೊಸ ಅಂಗಡಿಗೆ ದೀಪ ಹಾಕುತ್ತಿದ್ದೇವೆ.

ಜ್ವರ ಇರಲಿಲ್ಲ ಅಂತ ತಿಳಿದು ಸಮಾಧಾನವಾಯಿತು. ನಾನು ಹೆದರಿದ್ದೆ.

ಸ್ವಿಚ್ಚನ್ನು ಮಾತ್ರ ಈಗ ಮುಟ್ಟುವುದಿಲ್ಲ, ಅಕ್ಕಯ್ಯ. ಭಾವನದು ಸರ್ಕಾರಿ ಕೆಲಸ. ಸಾಹೇಬರ ಎದುರಿಗೆ ಅಷ್ಟೆಲ್ಲ ಹೇಳಿ ಬಂದ ಮೇಲೆ ಲೈಸೆನ್ಸ್ ಇಲ್ಲದೆ ನಿನ್ನ ಮನೆಯ ತಂತಿ ಬಿಚ್ಚಿದರೆ ಆ ಮಾತಿಗೆ ಬೆಲೆ ಏನು? ವೆಂಕಟರಾಯಪ್ಪನವರನ್ನು ಕಳಿಸಲೇ? ಕೆಲಸ ಶುದ್ಧವಾಗಿ ಮಾಡುತ್ತಾರೆ.

ಹಲಗೆ ಒಡೆದಿದ್ದರೆ ಬೇರೆ ಹಾಕು. ನೀರು ಬೀಳದ ಹಾಗೆ ನೋಡಿಕೋ.

ಕದಿರಪ್ಪ


ಕೋಲಾರ
10 ಜುಲೈ 1939

ಕದಿರಾ,

ವೆಂಕಟರಾಯಪ್ಪನವರು ಬೇಡ. ನೀನು ಬರುವವರೆಗೆ ಅದು ಹಾಗೆಯೇ ಇರಲಿ.

ಹಾಳೆಗಳನ್ನು ಹೊಸದಾಗಿ ಬರೆದು ಕಳಿಸಲು ಕುಳಿತಿದ್ದೆ. ಬರೆಯದೆ ಎದ್ದೆ. ನಿನಗೆ ಗೊತ್ತಿರುವುದನ್ನು ನಾನು ಏನೆಂದು ಬರೆಯಲಿ?

ಅಕ್ಕ


ಶ್ರೀನಿವಾಸಪುರ
25 ಆಗಸ್ಟ್ 1940

ಅಕ್ಕಯ್ಯನಿಗೆ,

ಪರೀಕ್ಷೆ ಮುಗಿಯಿತು. ಈ ಸಲ ಬೇರೆ ಸಾಹೇಬರು. ಕನ್ನಡ ಚೆನ್ನಾಗಿ ಬರದು, ಇಂಗ್ಲಿಷಿನಲ್ಲೇ ಕೇಳುತ್ತಿದ್ದರು. ಲಿಯಾಖತ್ ಸಾಹೇಬರು ಅದನ್ನು ಕನ್ನಡಕ್ಕೆ ಮಾಡಿ ನನಗೆ ಹೇಳಿದರು, ನಾನು ಹೇಳಿದ್ದನ್ನು ಇಂಗ್ಲಿಷಿಗೆ ಮಾಡಿ ಅವರಿಗೆ ಹೇಳಿದರು. ತಂತಿ ಹಿಡಿದವನನ್ನು ಈ ಸಲ ಬದುಕಿಸಿದೆ.

ಪಾಸಾಗಿದ್ದೇನೆ. ಈ ಸಲ ನಂಬು. ಲೈಸೆನ್ಸ್ ಕೈಯಲ್ಲಿದೆ. ಗಂಗುಲಪ್ಪನಿಗೆ ಇನ್ನೂ ತೋರಿಸಿಲ್ಲ. ಮೊದಲ ಕೆಲಸ ನಿನ್ನ ಮನೆಯದು.

ಕದಿರಪ್ಪ


ಕೋಲಾರ
4 ಸೆಪ್ಟೆಂಬರ್ 1940

ಕದಿರಾ,

ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಒಂದು ಗಂಟೆ ಕಾದಿದ್ದರೆ ಸಿಗುತ್ತಿದ್ದೆ. ಬರುವ ದಿನವನ್ನು ನೀನು ಬರೆದಿರಲಿಲ್ಲ. ಬರೆಯಬೇಕೆಂದು ನಿನಗೆ ಅನಿಸದಿದ್ದರೆ ಅದಕ್ಕೆ ಕಾರಣ ನನಗೆ ಗೊತ್ತಿದೆ.

ಭಾವನವರು ರಜೆಯ ಮೇಲೆ ಮನೆಯಲ್ಲಿದ್ದುದು ಒಳ್ಳೆಯದಾಯಿತು. ಅವರು ಹೇಳಿದರು: “ಬಾಗಿಲು ತೆಗೆದರೆ ನಿನ್ನ ತಮ್ಮ ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಬಾರಪ್ಪಾ ಅಂದೆ. ‘ಮೊದಲು ಇದನ್ನ ನೋಡಿಬಿಡಿ ಭಾವ’ ಅಂತ ಲೈಸೆನ್ಸ್ ಕೈಗೆ ಕೊಟ್ಟ. ನಾನು ಓದಿ ವಾಪಸು ಕೊಡೋವರೆಗೂ ಹೊಸಲು ದಾಟಲಿಲ್ಲ.” ಹೀಗೆ ಹೇಳಿ ಅವರು ನನ್ನ ಮುಖ ನೋಡಲಿಲ್ಲ. ಊಟ ಮಾಡು ಎಂದರೆ ರೈಲಿಗೆ ಹೊತ್ತಾಯಿತು ಎಂದೆಯಂತೆ. ಆ ರೈಲು ಸಂಜೆಗೆ ಎಂದು ನನಗೂ ಗೊತ್ತು, ಕದಿರಾ.

ಅಡಿಗೆಮನೆಗೆ ಹೋದೆ. ಹಿತ್ತಾಳೆಯ ಮುಚ್ಚಳವನ್ನು ಉಜ್ಜಿಟ್ಟಿದ್ದೀಯ. ನನ್ನ ಹಲಗೆಯನ್ನು ತೆಗೆದು ಗೋಡೆಗೆ ಒರಗಿಸಿಟ್ಟಿದ್ದೀಯ. ಬರಿ ನೆಲದ ಮೇಲೆ ನಿಂತು ಸ್ವಿಚ್ಚು ಒತ್ತಿದೆ. ದೀಪ ಹತ್ತಿತು. ಬೆರಳಿಗೆ ಏನೂ ಆಗಲಿಲ್ಲ. ಆರಿಸಿ ಇನ್ನೊಮ್ಮೆ ಒತ್ತಿದೆ.

ಮಾರನೆಯ ಬೆಳಿಗ್ಗೆ ಅಡಿಗೆಗೆ ಹೋದಾಗ ಯೋಚನೆಯಿಲ್ಲದೆ ಆ ಹಲಗೆಯನ್ನು ತಂದು ಮತ್ತೆ ಅಲ್ಲೇ ಹಾಕಿಕೊಂಡೆ. ಈಗಲೂ ಅದರ ಮೇಲೆಯೇ ನಿಲ್ಲುತ್ತೇನೆ. ನೀನು ಊಟಕ್ಕೆ ಬಂದ ದಿನ ನಿನ್ನ ಕೈಯಲ್ಲೇ ತೆಗೆಸಬೇಕೆಂದಿದ್ದೇನೆ.

ನಿನ್ನ ಅಕ್ಕ,
ಮುನಿಗಂಗಮ್ಮ